ಲಸಿಕೆ ಹಾಕಿಸಿದರೂ ಕುರಿ, ದನ ಸಾಯುತ್ತಿದ್ದರೆ ತಪ್ಪು ಎಲ್ಲಿದೆ? ಕರುಳು ಬೇನೆ, ಚಪ್ಪೆ ರೋಗದ ಲಸಿಕೆಗೆ ಒಂದು ದೋಷ ನಿವಾರಣೆ ಕೈಪಿಡಿ

ರಾತ್ರಿ ಚೆನ್ನಾಗಿ ಮೇವು ತಿಂದ ಮರಿ ಬೆಳಿಗ್ಗೆ ತಲೆ ಹಿಂದಕ್ಕೆ ಸೆಟೆದು ಸತ್ತು ಬಿದ್ದಿರುತ್ತದೆ. ಅದು ಬಡಕಲು ಮರಿಯೂ ಅಲ್ಲ, ಹಿಂಡಿನಲ್ಲೇ ಎಲ್ಲಕ್ಕಿಂತ ಮೈ ತುಂಬಿಕೊಂಡಿದ್ದ ಮರಿ. ಮಾರನೇ ದಿನ ಇನ್ನೊಂದು ಹೋಗುತ್ತದೆ. ಲಸಿಕೆ ಹಾಕಿಸಿ ಆಗಿದೆ. ಆಗ ಯಾರ ಬಾಯಲ್ಲಾದರೂ ಬರುವ ಮಾತು ಒಂದೇ, "ಈ ಲಸಿಕೆಯೇ ಸರಿಯಿಲ್ಲ."

ಲಸಿಕೆ ಸರಿಯಿಲ್ಲದೆಯೂ ಇರಬಹುದು. ಆದರೆ ಒಂದೊಂದಾಗಿ ನೋಡುತ್ತಾ ಹೋದರೆ ತಪ್ಪು ಬೇರೆ ಕಡೆ ಸಿಗುವುದೇ ಜಾಸ್ತಿ. ಸತ್ತದ್ದು ಬೇರೆ ರೋಗದಿಂದ ಆಗಿರುತ್ತದೆ. ಇಲ್ಲವೇ ಎರಡನೇ ಡೋಸ್ ಬಿಟ್ಟುಹೋಗಿರುತ್ತದೆ. ಇಲ್ಲವೇ ಬಾಟಲಿ ಫ್ರಿಜ್‌ನಲ್ಲಿ ಒಮ್ಮೆ ಹೆಪ್ಪುಗಟ್ಟಿರುತ್ತದೆ. ಇದನ್ನು ಸರಿಯಾದ ಕ್ರಮದಲ್ಲಿ ಹುಡುಕಬೇಕು. ಕ್ರಮ ತಪ್ಪಿದರೆ ಬಾಟಲಿಯ ಮೇಲೆ ಸಿಟ್ಟು ಮಾಡಿಕೊಂಡು ಕೂರುತ್ತೇವೆ, ಅಷ್ಟರಲ್ಲಿ ಇನ್ನೆರಡು ಮರಿ ಹೋಗಿರುತ್ತವೆ.

ಮೊದಲು ಇವತ್ತಿನ ಸಾವು ನಿಲ್ಲಿಸಿ

ಸತ್ತ ಪ್ರಾಣಿಯನ್ನು ಮುಟ್ಟುವ ಮೊದಲು ಅದರ ಮೂಗು, ಬಾಯಿ, ಗುದದ್ವಾರ ನೋಡಿ. ಅಲ್ಲಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ, ದೇಹ ಬೇಗ ಉಬ್ಬಿ ಸರಿಯಾಗಿ ಸೆಟೆದುಕೊಳ್ಳದೆ ಇದ್ದರೆ, ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಎಳೆದಾಡಬೇಡಿ, ನಾಯಿ ಹತ್ತಿರ ಬರದಂತೆ ಕಾಯಿರಿ. ದೇಹ ತೆರೆದು ಗಾಳಿ ತಗುಲಿದರೆ ಆ ಬ್ಯಾಕ್ಟೀರಿಯಾ ಬೀಜಾಣುವಾಗಿ ಮಾರ್ಪಟ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೂ ಅಂಟುತ್ತದೆ. ಪಶುವೈದ್ಯರು ಮೊದಲು ರಕ್ತದ ಲೇಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲಿ. ರಕ್ತ ಕಾಣದಿದ್ದರೂ ದಿಢೀರ್ ಸಾವು ಅಂದಮೇಲೆ ಈ ಅನುಮಾನ ಒಂದು ಮೂಲೆಯಲ್ಲಿ ಇರಲಿ.

ಎರಡನೆಯದು ಮೇವು. ಕುರಿ, ಆಡುಗಳಾದರೆ ಕಾಳು, ಹಿಂಡಿ, ಎಳೆ ಹಸಿರು ಹುಲ್ಲನ್ನು ಅವತ್ತೇ ಕಡಿಮೆ ಮಾಡಿ, ಒಣ ಮೇವು ಜಾಸ್ತಿ ಕೊಡಿ. ಕರುಳಿನ ಬ್ಯಾಕ್ಟೀರಿಯಾ ವಿಷ ಬಿಟ್ಟು ಕೊಲ್ಲುವ ಕರುಳು ಬೇನೆಯೇ ಆಗಿದ್ದರೆ ಬಹಳ ಸಲ ಒಂದೆರಡು ದಿನದಲ್ಲಿ ಸಾವು ಇಳಿಯುತ್ತದೆ. ಇವತ್ತು ಹೊಸದಾಗಿ ಲಸಿಕೆ ಹಾಕಿದರೆ ಅದು ಕೆಲಸ ಶುರು ಮಾಡಲು ದಿನಗಳು ಬೇಕು, ಮೇವು ಬದಲಿಸಿದ್ದು ಮಾತ್ರ ನಾಳೆಯೇ ಕೆಲಸ ಮಾಡುತ್ತದೆ. ದನಗಳಲ್ಲಿ ಚಪ್ಪೆ ರೋಗದ, ಅಂದರೆ ತೊಡೆ, ಭುಜದ ಮಾಂಸ ಊದಿ ಕಪ್ಪಾಗುವ ರೋಗದ ಅನುಮಾನ ಇದ್ದರೆ ಮೇಯುವ ಜಾಗವನ್ನು ಬದಲಿಸಿ. ಕುಂಟುತ್ತಿರುವ, ಜ್ವರ ಬಂದಿರುವ ಕರುಗಳನ್ನು ಕೂಡಲೇ ವೈದ್ಯರಿಗೆ ತೋರಿಸಿ. ಶುರುವಿನಲ್ಲೇ ಪೆನ್ಸಿಲಿನ್ ಸಿಕ್ಕರೆ ಕೆಲವು ಬದುಕುತ್ತವೆ, ತಡವಾದರೆ ಬದುಕುವುದು ಅಪರೂಪ.

ನಿಜಕ್ಕೂ ಇದೇ ರೋಗವಾ?

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಇದೇ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಇಲ್ಲದೆ ಮುಂದಿನದೆಲ್ಲ ಊಹೆ.

ದಿಢೀರ್ ಸಾವಿಗೆ ಕಾರಣ ಹಲವು. ಕಾಳು ಜಾಸ್ತಿ ತಿಂದು ಹೊಟ್ಟೆ ಹುಳಿಯಾಗುವುದು, ಹೊಟ್ಟೆಯುಬ್ಬರ, ಎಳೆ ಜೋಳದ ಗಿಡದ ಸಯನೈಡ್ ವಿಷ, ಯೂರಿಯಾ ವಿಷ, ಹಾವು ಕಡಿತ, ಸಿಡಿಲು, ದಿಢೀರ್ ನ್ಯುಮೋನಿಯಾ, ರಕ್ತ ಹೀರುವ ಜಠರದ ಹುಳು, ಮೆಗ್ನೀಸಿಯಂ ಕೊರತೆ, ಹೀಗೆ ಪಟ್ಟಿ ಬೆಳೆಯುತ್ತದೆ. ಇದರಲ್ಲಿ ಯಾವುದಕ್ಕೂ ನಿಮ್ಮ ಬಾಟಲಿಯಲ್ಲಿ ಉತ್ತರ ಇಲ್ಲ. ಕಾಳು ತಿಂದು ಹುಳಿಯಾದ ಕುರಿಗೂ ಕರುಳು ಬೇನೆಯ ಕುರಿಗೂ ಹಿಂದಿನ ಕಥೆ ಒಂದೇ ತರ ಇರುತ್ತದೆ, "ನಿನ್ನೆ ಕಾಳಿನ ಚೀಲ ಬಿಚ್ಚಿತ್ತು" ಅಂತ. ಅದಕ್ಕೇ ಕಥೆ ಮಾತ್ರ ಕೇಳಿ ತೀರ್ಮಾನಕ್ಕೆ ಬರಬಾರದು.

ಕರುಳು ಬೇನೆ ಅಂದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿ ಬಗೆಯ ಬ್ಯಾಕ್ಟೀರಿಯಾದ ಆಟ. ಅದು ಆರೋಗ್ಯವಾಗಿರುವ ಕುರಿಯ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಪಿಷ್ಟ ತುಂಬಿದ ಮೇವು ಒಮ್ಮೆಲೇ ಸಣ್ಣ ಕರುಳಿಗೆ ಇಳಿದಾಗ ಅದು ಗಂಟೆಗಳಲ್ಲಿ ಬೆಳೆದು ಎಪ್ಸಿಲಾನ್ ಎಂಬ ವಿಷ ಬಿಡುತ್ತದೆ. ಕರುಳಿನಲ್ಲಿರುವ ಟ್ರಿಪ್ಸಿನ್ ಆ ವಿಷವನ್ನು ಚುರುಕು ಮಾಡುತ್ತದೆ. ಅದು ರಕ್ತಕ್ಕೆ ಸೇರಿ ಮೆದುಳಿನ ರಕ್ತನಾಳಗಳಿಂದ ನೀರು ಸೋರುವಂತೆ ಮಾಡುತ್ತದೆ. ತಲೆ ಹಿಂದಕ್ಕೆ ಸೆಟೆಯುವುದು, ಕಾಲು ಬಡಿಯುವುದು ಅದರಿಂದಲೇ.

ಶವ ಪರೀಕ್ಷೆಯಲ್ಲಿ ಮೋಸ ಹೋಗುವ ಜಾಗ ಮೂತ್ರಪಿಂಡ. ಕರುಳು ಬೇನೆಯಲ್ಲಿ ಮೂತ್ರಪಿಂಡ ಬೇಗ ಮೆತ್ತಗಾಗುತ್ತದೆ, ನಿಜ. ಆದರೆ ಬಿಸಿಲಲ್ಲಿ ಅರ್ಧ ದಿನ ಬಿದ್ದ ಯಾವ ಕುರಿಯ ಮೂತ್ರಪಿಂಡವೂ ಮೆತ್ತಗೇ ಇರುತ್ತದೆ. ಸತ್ತು ಕೆಲವೇ ಗಂಟೆ ಆಗಿದ್ದರೆ ಮಾತ್ರ ಆ ಲಕ್ಷಣಕ್ಕೆ ಬೆಲೆ. ಅದಕ್ಕಿಂತ ನಂಬಬಹುದಾದ್ದು ಹೃದಯದ ಸುತ್ತಲಿನ ಚೀಲದಲ್ಲಿ ತಿಳಿ ಹಳದಿ ನೀರು ತುಂಬಿ, ಅದರಲ್ಲಿ ಲೋಳೆಯಂಥ ಗಂಟು ತೇಲುತ್ತಿರುವುದು. ಕುರಿಯ ಮೂತ್ರದಲ್ಲಿ ಸಕ್ಕರೆ ಅಂಶ ಸಿಕ್ಕರೆ ಅನುಮಾನಕ್ಕೆ ಇನ್ನಷ್ಟು ಬಲ. ಮೂತ್ರಕೋಶದಿಂದ ಸಿರಿಂಜ್‌ನಲ್ಲಿ ಎಳೆದು ಸಕ್ಕರೆ ನೋಡುವ ಪಟ್ಟಿ ಅದ್ದಿದರೆ ಅಲ್ಲೇ ತಿಳಿಯುತ್ತದೆ. ಸಕ್ಕರೆ ಇಲ್ಲ ಅಂದಮಾತ್ರಕ್ಕೆ ರೋಗ ಅಲ್ಲ ಅಂತ ಹೇಳಲು ಬರುವುದಿಲ್ಲ.

ಲ್ಯಾಬ್‌ಗೆ ಕಳಿಸುವಾಗ ಎರಡು ವಿಷಯ ನೆನಪಿಡಿ. ಒಂದು, ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ ಎಂಬ ವರದಿಯಿಂದ ಏನೂ ಸಾಬೀತಾಗುವುದಿಲ್ಲ, ಅದು ಮೊದಲೇ ಅಲ್ಲಿ ಇತ್ತಲ್ವಾ. ಸಿಗಬೇಕಾದ್ದು ವಿಷ. ಅದಕ್ಕೆ ಸಣ್ಣ ಕರುಳಿನ ಕೊನೆಯ ಭಾಗದ ಒಳಗಿನ ದ್ರವ ಬೇಕು, ಸತ್ತ ಕೂಡಲೇ ತೆಗೆದು ತಣ್ಣಗೆ ಇಟ್ಟದ್ದು. ತಡವಾದರೆ ಆ ವಿಷ ಒಡೆದುಹೋಗುತ್ತದೆ, ವರದಿ ಸುಮ್ನೆ "ಇಲ್ಲ" ಅಂತ ಬರುತ್ತದೆ. ಎರಡು, ಮೆದುಳಿನ ತುಂಡನ್ನು 10% ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಲು ವೈದ್ಯರಿಗೆ ಹೇಳಿ. ರಕ್ತನಾಳದ ಸುತ್ತ ಆಗಿರುವ ಬದಲಾವಣೆ ಅದರಲ್ಲಿ ಕಾಣುತ್ತದೆ, ವಿಷ ಸಿಗದಿದ್ದಾಗಲೂ ಉತ್ತರ ಸಿಗುವ ದಾರಿ ಅದು.

ಹುಟ್ಟಿ ಒಂದೆರಡು ವಾರವೂ ಆಗದ ಮರಿ ರಕ್ತ ಮಿಶ್ರಿತ ಭೇದಿಯಾಗಿ ಸತ್ತರೆ ಅದು ಇದೇ ಪರ್ಫ್ರಿಂಜೆನ್ಸ್‌ನ ಬಿ ಅಥವಾ ಸಿ ಬಗೆಯದು ಇರಬಹುದು. ಆಗ ಪ್ರಶ್ನೆ ಮರಿಯ ಲಸಿಕೆಯದ್ದಲ್ಲ, ತಾಯಿಯ ಲಸಿಕೆ ಮತ್ತು ಗಿಣ್ಣು ಹಾಲಿನದ್ದು.

ದನಗಳ ಚಪ್ಪೆ ರೋಗಕ್ಕೆ ಕಾರಣ ಕ್ಲಾಸ್ಟ್ರಿಡಿಯಂ ಶೊವೊಯಿ. ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗಿನ, ಚೆನ್ನಾಗಿ ಮೇದ ಕರುಗಳನ್ನು ಹಿಡಿಯುತ್ತದೆ. ತೊಡೆ ಅಥವಾ ಭುಜ ಊದಿಕೊಂಡು, ಒತ್ತಿದರೆ ಒಳಗೆ ಗಾಳಿ ಚರಚರ ಅನ್ನುತ್ತದೆ. ಕೊಯ್ದರೆ ಮಾಂಸ ಕಪ್ಪಾಗಿ, ಒಣಗಿದಂತೆ, ಕಮಟು ಬೆಣ್ಣೆಯ ವಾಸನೆ ಹೊಡೆಯುತ್ತದೆ. ಆದರೆ ಕೆಲವು ಸಲ ಕಾಲಿನಲ್ಲಿ ಏನೂ ಕಾಣುವುದಿಲ್ಲ. ಗಾಯ ಹೃದಯದ ಮಾಂಸದಲ್ಲೋ, ಎದೆ ಹೊಟ್ಟೆ ನಡುವಿನ ವಪೆಯಲ್ಲೋ, ನಾಲಿಗೆಯ ಬುಡದಲ್ಲೋ ಅಡಗಿರುತ್ತದೆ. "ಊತ ಇರಲಿಲ್ಲ, ಹಾಗಾಗಿ ಚಪ್ಪೆ ರೋಗ ಅಲ್ಲ" ಅಂತ ಬಿಟ್ಟುಬಿಡುವುದು ಇಲ್ಲಿಯೇ. ಇನ್ನೊಂದು ಮಾತು, ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಎಂಬುದು ಯಾವ ಕಾರಣಕ್ಕೆ ಸತ್ತ ದೇಹಕ್ಕೂ ಬೇಗ ನುಗ್ಗುತ್ತದೆ. ಹಳೆಯ ಹೆಣದಿಂದ ತೆಗೆದ ಮಾದರಿಯಲ್ಲಿ ಅದು ಸಿಕ್ಕರೆ ಅದೇ ಕೊಂದದ್ದು ಅಂತ ಹೇಳಲಾಗದು. ಹೊಸ ಹೆಣದ ಮಾಂಸವೇ ಬೇಕು.

ಒಟ್ಟಿನಲ್ಲಿ, ಸತ್ತ ಮೊದಲ ಪ್ರಾಣಿಯನ್ನು ಬೇಗ ಹೂತುಬಿಡುವುದೇ ನಾನು ಕಂಡಂತೆ ದೊಡ್ಡ ನಷ್ಟ. ವೈದ್ಯರು ಬರುವ ತನಕ ನೆರಳಿನಲ್ಲಿ ಇಟ್ಟು ಕಾಯುವುದು ಕಷ್ಟ, ಗೊತ್ತು. ಆದರೆ ಉಳಿದವನ್ನು ಬದುಕಿಸುವ ಸುಳಿವು ಅದರ ಹೊಟ್ಟೆಯಲ್ಲೇ ಇರುತ್ತದೆ.

ಸತ್ತದ್ದು ಯಾವುವು?

ರೋಗ ಇದೇ ಅಂತ ಆದಮೇಲೆ ಬಾಟಲಿ ಹುಡುಕಲು ಹೋಗಬೇಡಿ, ಇನ್ನೂ ಒಂದು ಕೆಲಸ ಇದೆ. ಸತ್ತವುಗಳ ಪಟ್ಟಿ ಬರೆಯಿರಿ. ವಯಸ್ಸು, ಹುಟ್ಟಿದ್ದೋ ಕೊಂಡದ್ದೋ, ಯಾವ ದೊಡ್ಡಿ, ಯಾವ ದಿನ ಲಸಿಕೆ, ತಾಯಿಗೆ ಲಸಿಕೆ ಆಗಿತ್ತೋ ಇಲ್ಲವೋ. ಪಟ್ಟಿ ಸಣ್ಣದಾದರೂ ಅದರಲ್ಲಿ ಒಂದು ಗೆರೆ ಕಾಣುತ್ತದೆ.

ಮೂರ್ನಾಲ್ಕು ತಿಂಗಳ ಮರಿಗಳು ಮಾತ್ರ ಸಾಯುತ್ತಿದ್ದರೆ ತಾಯಿಯಿಂದ ಬಂದ ರಕ್ಷಣೆ ಮುಗಿದು ತಮ್ಮದು ಇನ್ನೂ ಶುರುವಾಗಿಲ್ಲ ಅಂತ ಲೆಕ್ಕ. ಹೊಸದಾಗಿ ಕೊಂಡು ತಂದವು ಮಾತ್ರವಾದರೆ, ಮಾರಿದವರು "ಹಾಕಿಸಿದ್ದೇವೆ" ಅಂದ ಮಾತು ಒಂದೇ ಡೋಸ್‌ನದ್ದೋ ಏನೋ. ಆಡುಗಳು ಮಾತ್ರವಾದರೆ ಕಾರಣವೇ ಬೇರೆ, ಮುಂದೆ ಹೇಳುತ್ತೇನೆ. ಒಂದೇ ದೊಡ್ಡಿಯಲ್ಲಾದರೆ ಮೇವು ನೋಡಿ. ಲಸಿಕೆ ಹಾಕಿದ ದಿನ ಕೊನೆಗೆ ಹಿಡಿದವುಗಳಾದರೆ ಸಿರಿಂಜ್ ನೋಡಿ. ಎಲ್ಲ ವಯಸ್ಸು, ಎಲ್ಲ ದೊಡ್ಡಿ, ಹಳೆಯವು ಹೊಸವು ಎಲ್ಲ ಸೇರಿ ಸಾಯುತ್ತಿದ್ದರೆ ಆಗ ಬಾಟಲಿ ಮತ್ತು ಫ್ರಿಜ್‌ನತ್ತ ತಿರುಗಿ.

ಆ ಬಾಟಲಿಯಲ್ಲಿ ಆ ರೋಗದ ಲಸಿಕೆ ಇತ್ತಾ?

ಲೇಬಲ್ ಓದಿದರೆ ಮುಗಿಯಿತು, ಆದರೆ ಓದುವವರು ಕಡಿಮೆ. ಕ್ಲಾಸ್ಟ್ರಿಡಿಯಂ ಗುಂಪಿನ ಬ್ಯಾಕ್ಟೀರಿಯಾಗಳ ಲಸಿಕೆ ಅಂದರೆ ಒಂದೇ ವಸ್ತುವಲ್ಲ. ಕೆಲವು ಬಾಟಲಿ ಒಂದೇ ರೋಗಕ್ಕೆ, ಕೆಲವು ಎರಡು ಮೂರಕ್ಕೆ, ಕೆಲವು ಏಳೆಂಟಕ್ಕೆ. ಆಡುಗಳಿಗೆ ಹೆಚ್ಚಾಗಿ ಹೇಳುವ ಜೋಡಿ ಲಸಿಕೆಯಲ್ಲಿ ಪರ್ಫ್ರಿಂಜೆನ್ಸ್ ಸಿ, ಡಿ ಮತ್ತು ಧನುರ್ವಾಯು ಇರುತ್ತದೆ. ಅದು ಚಪ್ಪೆ ರೋಗ ತಡೆಯುವುದಿಲ್ಲ. ಚಪ್ಪೆ ರೋಗದ ಲಸಿಕೆ ಕರುಳು ಬೇನೆ ತಡೆಯುವುದಿಲ್ಲ. ಬೊಟುಲಿಸಂ ಬಹುತೇಕ ಮಿಶ್ರಣಗಳಲ್ಲಿ ಇರುವುದಿಲ್ಲ, ಅದಕ್ಕೆ ಬೇರೆಯೇ ಲಸಿಕೆ. ನೆರಡಿಗೂ, ಗಳಲೆ ರೋಗಕ್ಕೂ ಬೇರೆ ಬೇರೆ. ಪ್ರಾಣಿ ನಿತ್ರಾಣವಾಗಿ, ನಾಲಿಗೆ ಜೋಲಿ, ಎದ್ದೇಳಲಾಗದೆ ಸಾಯುತ್ತಿದ್ದರೆ, ಮೂಳೆ ಕಡಿಯುವ ಚಟವೂ ಇದ್ದರೆ, ಅದು ಬೊಟುಲಿಸಂ ಇರಬಹುದು. ಆಗ ನಿಮ್ಮ ಲಸಿಕೆಯನ್ನು ಬೈಯುವುದರಲ್ಲಿ ಅರ್ಥ ಇಲ್ಲ.

ಕ್ಯಾಲೆಂಡರ್ ತೆಗೆಯಿರಿ

ಲಸಿಕೆ ಕೈಕೊಟ್ಟಿತು ಅನ್ನುವ ದೂರುಗಳಲ್ಲಿ ನಾನು ಮೊದಲು ಕೇಳುವುದು ತಾರೀಕು.

ಇವು ಜೀವಂತ ಲಸಿಕೆಗಳಲ್ಲ. ಸತ್ತ ಬ್ಯಾಕ್ಟೀರಿಯಾ, ಅಥವಾ ವಿಷದ ಹಲ್ಲು ಕಿತ್ತು ಮಾಡಿದ ಟಾಕ್ಸಾಯ್ಡ್. ಇಂಥ ಲಸಿಕೆಯ ಮೊದಲ ಡೋಸ್ ದೇಹಕ್ಕೆ ಪರಿಚಯ ಮಾತ್ರ ಮಾಡಿಸುತ್ತದೆ. ಆಗ ಹುಟ್ಟುವ ಪ್ರತಿಕಾಯ, ಅಂದರೆ ರೋಗದ ವಿಷವನ್ನು ಹಿಡಿಯಲು ದೇಹ ಮಾಡಿಕೊಳ್ಳುವ ರಕ್ಷಕ ವಸ್ತು, ಕಡಿಮೆ, ಬೇಗ ಇಳಿಯುತ್ತದೆ. ಎರಡನೇ ಡೋಸ್ ಬಿದ್ದ ಮೇಲೆಯೇ ಅದು ಮೇಲಕ್ಕೆ ಹೋಗಿ ತಿಂಗಳುಗಟ್ಟಲೆ ನಿಲ್ಲುವುದು. ಹೆಚ್ಚಿನ ಲಸಿಕೆಗಳಲ್ಲಿ ಎರಡು ಡೋಸ್‌ಗಳ ನಡುವೆ 4ರಿಂದ 6 ವಾರ ಅಂತರ. ನಿಮ್ಮ ಬಾಟಲಿಯ ಲೇಬಲ್ ಬೇರೆ ಹೇಳಿದರೆ ಲೇಬಲ್ ಮಾತೇ ಕೊನೆ. ಎರಡನೇ ಡೋಸ್ ಆದ ಮೇಲೂ ಪೂರ್ತಿ ರಕ್ಷಣೆಗೆ ಸುಮಾರು ಎರಡು ವಾರ ಬೇಕು. ಅಂದರೆ ಮೊದಲ ಸೂಜಿಯಿಂದ ಲೆಕ್ಕ ಹಾಕಿದರೆ ಒಂದೂವರೆ ಎರಡು ತಿಂಗಳ ಕಾಲ ಆ ಮರಿ ಅರೆಬರೆ ರಕ್ಷಣೆಯಲ್ಲೇ ಇರುತ್ತದೆ. ಆ ನಡುವೆ ಸತ್ತರೆ ಲಸಿಕೆ ಸೋತಿತು ಅನ್ನಲಾಗದು. ಅದಕ್ಕೆ ಇನ್ನೂ ಸಮಯವೇ ಸಿಕ್ಕಿರಲಿಲ್ಲ.

"ಹೋದ ವರ್ಷ ಒಂದು ಡೋಸ್, ಈ ವರ್ಷ ಒಂದು ಡೋಸ್, ಎರಡಾಯಿತಲ್ಲ" ಅನ್ನುವವರಿದ್ದಾರೆ. ಆಗಲಿಲ್ಲ. ಮೊದಲನೆಯದರ ನೆನಪು ದೇಹದಲ್ಲಿ ತೆಳುವಾಗಿರುತ್ತದೆ, ವರ್ಷ ಕಳೆದ ಮೇಲೆ ಒಂದೇ ಸೂಜಿಯಿಂದ ಸಾಕಷ್ಟು ರಕ್ಷಣೆ ಬರುತ್ತದೆ ಎಂಬ ಭರವಸೆ ಇಲ್ಲ. ದಾಖಲೆ ಸಿಗದ ಯಾವ ಪ್ರಾಣಿಯನ್ನೂ ಲಸಿಕೆ ಆಗಿಲ್ಲ ಅಂತಲೇ ಹಿಡಿದು ಎರಡು ಡೋಸ್ ಮತ್ತೆ ಶುರು ಮಾಡಿ.

ಇನ್ನು ತಾಯಿ ಮತ್ತು ಮರಿಯ ವಿಷಯ. ಕುರಿ, ಆಡು, ಹಸುಗಳಲ್ಲಿ ಗರ್ಭದೊಳಗೆ ಪ್ರತಿಕಾಯ ಮರಿಗೆ ಹೋಗುವುದಿಲ್ಲ. ಎಲ್ಲವೂ ಗಿಣ್ಣು ಹಾಲಿನಲ್ಲೇ ಬರಬೇಕು. ತಾಯಿಗೆ ಈಯುವ 4ರಿಂದ 6 ವಾರ ಮೊದಲು ಬೂಸ್ಟರ್, ಅಂದರೆ ಹಳೆಯ ರಕ್ಷಣೆಯನ್ನು ಮತ್ತೆ ಏರಿಸುವ ಡೋಸ್ ಬಿದ್ದರೆ ಪ್ರತಿಕಾಯ ಗಿಣ್ಣಿನಲ್ಲಿ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಈದ ಮೇಲೆ ಹಾಕಿದರೆ ತಾಯಿಗೆ ಉಪಯೋಗ, ಆ ಸಲದ ಮರಿಗೆ ಇಲ್ಲ. ಮರಿ ಕುಡಿಯುವುದೂ ಬೇಗ ಆಗಬೇಕು. ಮೊದಲ 6 ಗಂಟೆಯೊಳಗೆ ಮೈತೂಕದ ಪ್ರತಿ ಕೆಜಿಗೆ 50 ಮಿಲಿ ಗಿಣ್ಣು ಒಳಗೆ ಹೋಗಲಿ. 4 ಕೆಜಿ ಮರಿಗೆ ಅದು 200 ಮಿಲಿ. ಹುಟ್ಟಿ ಒಂದು ದಿನ ಆಗುವಷ್ಟರಲ್ಲಿ ಕರುಳು ಪ್ರತಿಕಾಯವನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಅದು ಬರೀ ಆಹಾರ. ಅವಳಿ ಮರಿಗಳಲ್ಲಿ ಒಂದು ಮಾತ್ರ ಸತ್ತಿದ್ದರೆ ಇದನ್ನು ಖಂಡಿತ ಕೇಳಿ, ಅದು ಮೊಲೆ ಕುಡಿದಿತ್ತಾ ಅಂತ.

ಗಿಣ್ಣಿನ ರಕ್ಷಣೆ ಸಾಮಾನ್ಯವಾಗಿ 8ರಿಂದ 12 ವಾರದಲ್ಲಿ ಇಳಿದುಹೋಗುತ್ತದೆ. ಇಲ್ಲೊಂದು ಇಕ್ಕಟ್ಟು ಇದೆ. ತಾಯಿಯ ಪ್ರತಿಕಾಯ ಇನ್ನೂ ಜೋರಾಗಿರುವಾಗ ಮರಿಗೆ ಲಸಿಕೆ ಹಾಕಿದರೆ ಆ ಪ್ರತಿಕಾಯವೇ ಲಸಿಕೆಯನ್ನು ಹಿಡಿದು ಹಾಕಿಬಿಡುತ್ತದೆ, ಮರಿಯ ದೇಹ ಏನನ್ನೂ ಕಲಿಯುವುದಿಲ್ಲ. ತಡ ಮಾಡಿದರೆ ನಡುವೆ ರಕ್ಷಣೆ ಇಲ್ಲದ ಕಿಂಡಿ ಬೀಳುತ್ತದೆ. ಲಸಿಕೆ ಆದ ತಾಯಿಯ ಮರಿಗಳಿಗೆ ಸಾಮಾನ್ಯವಾಗಿ ಎರಡೂವರೆ ಮೂರು ತಿಂಗಳ ಹೊತ್ತಿಗೆ ಶುರು ಮಾಡುತ್ತಾರೆ. ಲಸಿಕೆ ಆಗದ ತಾಯಿಯ ಮರಿಗಳಿಗೆ ಅದಕ್ಕಿಂತ ಬಹಳ ಮುಂಚೆ ಬೇಕು. ಎರಡೂ ತರದ ಮರಿಗಳನ್ನು ಒಂದೇ ದಿನ ಸಾಲಾಗಿ ಹಿಡಿದು ಹಾಕಿದ್ದರೆ, ಒಂದು ಗುಂಪಿಗೆ ಆ ದಿನ ತಪ್ಪಾಗಿರುವ ಸಾಧ್ಯತೆ ಇದೆ. ಚಿಕ್ಕ ವಯಸ್ಸಿನಲ್ಲೇ ಹಾಕಬೇಕಾಗಿ ಬಂದಿದ್ದರೆ ಹಾಲು ಬಿಡಿಸುವ ಹೊತ್ತಿಗೆ ಇನ್ನೊಂದು ಡೋಸ್ ಸೇರಿಸುವ ಬಗ್ಗೆ ವೈದ್ಯರನ್ನು ಕೇಳಿ.

ಆಡುಗಳು ಕುರಿಗಳ ಹಾಗಲ್ಲ. ಕರುಳು ಬೇನೆಯ ಲಸಿಕೆಗೆ ಅವುಗಳ ಪ್ರತಿಕಾಯ ಅಷ್ಟು ಮೇಲೇರುವುದಿಲ್ಲ, ಬೇಗ ಇಳಿಯುತ್ತದೆ. ಆಡುಗಳಲ್ಲಿ ವಿಷ ಕರುಳಿನ ಒಳಪದರವನ್ನೇ ಸುಡುವ ಬಗೆಯೂ ಇದೆ, ರಕ್ತದಲ್ಲಿರುವ ಪ್ರತಿಕಾಯ ಅಲ್ಲಿಗೆ ಪೂರ್ತಿ ಸಾಲುವುದಿಲ್ಲ. ಅದಕ್ಕೇ ಅಪಾಯ ಜಾಸ್ತಿ ಇರುವ ಆಡಿನ ಹಿಂಡಿನಲ್ಲಿ ವರ್ಷಕ್ಕೊಂದು ಬೂಸ್ಟರ್ ಬದಲು 4ರಿಂದ 6 ತಿಂಗಳಿಗೊಮ್ಮೆ ಹಾಕಲು ಅನೇಕ ಪಶುವೈದ್ಯರು ಹೇಳುತ್ತಾರೆ. ಒಂದೇ ದೊಡ್ಡಿಯಲ್ಲಿ ಕುರಿ ಉಳಿದು ಆಡು ಸತ್ತರೆ ಬಾಟಲಿ ಕೆಟ್ಟಿಲ್ಲ ಅನ್ನುವುದಕ್ಕೆ ಅದೇ ಸುಳಿವು.

ಧನುರ್ವಾಯುವಿಗೂ ಕ್ಯಾಲೆಂಡರ್ ಮುಖ್ಯ. ಬೀಜ ಒಡೆಯುವ ದಿನ, ರಬ್ಬರ್ ರಿಂಗ್ ಹಾಕುವ ದಿನ ಮೊದಲ ಡೋಸ್ ಕೊಟ್ಟರೆ ಆ ಗಾಯಕ್ಕೆ ಅದು ರಕ್ಷಣೆ ಕೊಡುವುದಿಲ್ಲ. ಆ ದಿನಕ್ಕೆ ಬೇಕಾದ್ದು ಸಿದ್ಧ ಪ್ರತಿಕಾಯ ಇರುವ ಸೀರಂ. ಅದು ಕೂಡಲೇ ಕೆಲಸ ಮಾಡುತ್ತದೆ, ಕೆಲವು ವಾರ ಮಾತ್ರ ಇರುತ್ತದೆ. ಸೀರಂ ಮತ್ತು ಲಸಿಕೆ ಎರಡನ್ನೂ ಒಟ್ಟಿಗೆ ಕೊಡುವುದಾದರೆ ಬೇರೆ ಸಿರಿಂಜ್, ಮೈಮೇಲೆ ಬೇರೆ ಜಾಗ.

ಫ್ರಿಜ್ ಮತ್ತು ಬಾಟಲಿ

ಈ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಎಲ್ಲರೂ ಬಿಸಿಗೆ ಹೆದರುತ್ತಾರೆ. ಹೆದರಬೇಕು ಕೂಡ, ಬಿಸಿಲಲ್ಲಿ ನಿಂತ ವಾಹನದೊಳಗೆ ಬಾಟಲಿ ಬಿಟ್ಟರೆ ಹಾಳು. ಆದರೆ ಇವುಗಳಿಗೆ ಅದಕ್ಕಿಂತ ಕೆಟ್ಟದ್ದು ಹೆಪ್ಪುಗಟ್ಟುವುದು. ಹೆಚ್ಚಿನವುಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ಲಸಿಕೆಯ ಕಣಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಆ ಕಣಗಳು ಗಂಟುಗಂಟಾಗಿ ಬೇರೆಯಾಗುತ್ತವೆ, ಮತ್ತೆ ಸೇರುವುದಿಲ್ಲ. ಬಾಟಲಿ ನೋಡಲು ಸರಿಯಾಗೇ ಇರುತ್ತದೆ, ಅದರಿಂದ ಸಿಗುವ ರಕ್ಷಣೆ ಮಾತ್ರ ಕುಸಿದಿರುತ್ತದೆ.

ಹೆಪ್ಪುಗಟ್ಟುವುದು ಎಲ್ಲಿ? ಫ್ರಿಜ್‌ನ ಹಿಂಬದಿ ಗೋಡೆಗೆ, ಐಸ್ ಆಗುವ ತಟ್ಟೆಗೆ ತಾಗಿ ಇಟ್ಟಲ್ಲಿ. ಮತ್ತೆ ಒಯ್ಯುವ ಪೆಟ್ಟಿಗೆಯಲ್ಲಿ, ಫ್ರೀಜರ್‌ನಿಂದ ಆಗಷ್ಟೇ ತೆಗೆದ ಗಟ್ಟಿ ಐಸ್ ಪ್ಯಾಕ್ ನೇರ ತಾಗುವಲ್ಲಿ. ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಅಲುಗಿಸಿದರೆ ಒಳಗೆ ನೀರಿನ ಸದ್ದು ಬರುವ ತನಕ ಕಾಯಿರಿ. ಆಮೇಲೆ ಬಾಟಲಿಗೂ ಅದಕ್ಕೂ ನಡುವೆ ಬಟ್ಟೆ ಇಡಿ.

ಅನುಮಾನ ಇದ್ದರೆ ಅಲುಗಾಡಿಸಿ ನೋಡುವ ಒಂದು ಪರೀಕ್ಷೆ ಇದೆ. ಅಲ್ಯೂಮಿನಿಯಂ ಲವಣ ಇರುವ ಲಸಿಕೆಗೆ ಮಾತ್ರ ಅದು ಹೊಂದುತ್ತದೆ, ಎಣ್ಣೆ ಆಧಾರಿತ ಲಸಿಕೆಗೆ ಅಲ್ಲ. ಅದೇ ಕಂಪನಿಯ ಅದೇ ಬ್ಯಾಚಿನ ಒಂದು ಬಾಟಲಿಯನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ, ಕರಗಿಸಿ. ಅದನ್ನೂ ಅನುಮಾನದ ಬಾಟಲಿಯನ್ನೂ ಒಟ್ಟಿಗೆ ಚೆನ್ನಾಗಿ ಅಲುಗಿಸಿ ಪಕ್ಕಪಕ್ಕ ನಿಲ್ಲಿಸಿ. ಅರ್ಧ ಗಂಟೆ ನೋಡಿ. ಹೆಪ್ಪುಗಟ್ಟಿಸಿದ್ದರಲ್ಲಿ ಗಸಿ ಬೇಗ ತಳಕ್ಕಿಳಿಯುತ್ತದೆ. ಅನುಮಾನದ ಬಾಟಲಿಯಲ್ಲೂ ಅಷ್ಟೇ ಬೇಗ ಇಳಿದರೆ ಅದೂ ಹೆಪ್ಪುಗಟ್ಟಿದ್ದೇ. ಎಲ್ಲವನ್ನೂ ಎಸೆಯಿರಿ. ನಿಧಾನಕ್ಕೆ ಇಳಿದರೆ ಹೆಪ್ಪುಗಟ್ಟಿಲ್ಲ. ಬಿಸಿಯಿಂದ ಕೆಟ್ಟಿದೆಯೋ ಎಂಬುದು ಇದರಲ್ಲಿ ತಿಳಿಯುವುದಿಲ್ಲ, ಅದಕ್ಕೆ ಫ್ರಿಜ್‌ನೊಳಗೆ ಅತಿ ಕಡಿಮೆ, ಅತಿ ಜಾಸ್ತಿ ತಾಪಮಾನ ತೋರಿಸುವ ಥರ್ಮಾಮೀಟರ್ ಒಂದೇ ಸಾಕ್ಷಿ.

ತೆರೆದ ಬಾಟಲಿಯನ್ನು ಮುಂದಿನ ಸಲಕ್ಕೆ ಎತ್ತಿಡುವ ಅಭ್ಯಾಸ ಇದ್ದರೆ ಅದನ್ನು ಬಿಡಬೇಕು. ರಬ್ಬರ್ ಬಿರಡೆಗೆ ಸೂಜಿ ಚುಚ್ಚಿದ ಮೇಲೆ ಒಳಗೆ ಕೊಳೆ ಹೋಗಿರುತ್ತದೆ. ಹೆಚ್ಚಿನ ಲೇಬಲ್‌ಗಳು ಅದೇ ದಿನ ಮುಗಿಸಿ ಅನ್ನುತ್ತವೆ.

ಸೂಜಿ ಹಿಡಿದ ಕೈ

ಇಲ್ಲಿ ಲೆಕ್ಕವೇ ಸಾಕ್ಷಿ ಹೇಳುತ್ತದೆ. 80 ಕುರಿ, ತಲಾ 2 ಮಿಲಿ ಅಂದರೆ 160 ಮಿಲಿ. 100 ಮಿಲಿಯ ಎರಡು ಬಾಟಲಿ ತೆರೆದಿದ್ದರೆ 40 ಮಿಲಿ ಉಳಿಯಬೇಕು. 60 ಉಳಿದಿದ್ದರೆ 10 ಡೋಸ್‌ನಷ್ಟು ಲಸಿಕೆ ಕುರಿಗಳ ಮೈಗೆ ಹೋಗಿಲ್ಲ. 20 ಮಾತ್ರ ಉಳಿದಿದ್ದರೆ ಎಲ್ಲೋ ಸೋರಿದೆ, ಅಥವಾ ಕೆಲವಕ್ಕೆ ಎರಡು ಸಲ ಬಿದ್ದಿದೆ. ಆ ದಿನ ಬರೆದಿಡದಿದ್ದರೆ ಖಾಲಿ ಬಾಟಲಿಗಳನ್ನಾದರೂ ಹುಡುಕಿ ನೋಡಿ.

ತಾನೇ ತುಂಬಿಕೊಳ್ಳುವ ಸಿರಿಂಜ್ ಇದ್ದರೆ ಅದನ್ನು 2 ಮಿಲಿಗೆ ಇಟ್ಟು ಅಳತೆ ಪಾತ್ರೆಗೆ 10 ಸಲ ಒತ್ತಿ. 20 ಮಿಲಿ ಬರಬೇಕು. 16 ಬಂದರೆ ಪ್ರತಿ ಕುರಿಗೂ ಐದರಲ್ಲೊಂದು ಪಾಲು ಕಡಿಮೆ ಹೋಗಿದೆ. ವಾಷರ್ ಸವೆದಿರುತ್ತದೆ, ಇಲ್ಲವೇ ಕೊಳವೆಯಲ್ಲಿ ಗಾಳಿ ಗುಳ್ಳೆ ಇರುತ್ತದೆ. ಬಾಟಲಿಯನ್ನು ಆಗಾಗ ಅಲುಗಿಸದಿದ್ದರೆ ಮೊದಲ ಕುರಿಗಳಿಗೆ ಬರೀ ತಿಳಿ, ಕೊನೆಯವುಗಳಿಗೆ ಗಟ್ಟಿ, ಅಥವಾ ಅದರ ಉಲ್ಟಾ ಹೋಗುತ್ತದೆ.

ಚರ್ಮದ ಕೆಳಗೆ ಹಾಕುವ ಲಸಿಕೆಗೆ ಕುತ್ತಿಗೆಯ ಚರ್ಮ ಎತ್ತಿ ಹಿಡಿದು ಚುಚ್ಚುತ್ತೇವೆ. ಅವಸರದಲ್ಲಿ ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ, ಲಸಿಕೆ ಉಣ್ಣೆಯ ಮೇಲೆ ಬೀಳುತ್ತದೆ. ಕುರಿ ಜಿಗಿದು ಓಡುವಾಗ ಅದು ಗಮನಕ್ಕೇ ಬರುವುದಿಲ್ಲ. ಹಾಕಿದ ಮೇಲೆ ಆ ಜಾಗದ ಉಣ್ಣೆ ಒದ್ದೆಯೋ ಅಂತ ಕೈಯಾಡಿಸಿ ನೋಡುವ ಅಭ್ಯಾಸ ಒಳ್ಳೆಯದು. ಒದ್ದೆ ಇದ್ದರೆ ಮತ್ತೆ ಹಾಕಬೇಕು.

ಚಿಕ್ಕ ಮರಿಗೆ ಅರ್ಧ ಡೋಸ್ ಸಾಕು ಅನ್ನುವುದು ತಪ್ಪು. ಇದು ಜಂತುಹುಳು ಔಷಧಿಯ ತರ ತೂಕ ನೋಡಿ ಕೊಡುವುದಲ್ಲ. ಲೇಬಲ್‌ನಲ್ಲಿ ಬೇರೆ ಬರೆಯದಿದ್ದರೆ ಮರಿಗೂ ತಾಯಿಗೂ ಒಂದೇ ಅಳತೆ.

ಕೊಳಕು ಸೂಜಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಲಸಿಕೆ ಹಾಕಿದ ಒಂದೆರಡು ದಿನದಲ್ಲೇ ಚುಚ್ಚಿದ ಜಾಗ ಬಿಸಿಯಾಗಿ ಊದಿ, ಒತ್ತಿದರೆ ಚರಚರ ಅಂದು ಪ್ರಾಣಿ ಸತ್ತರೆ, ಕೊಳಕು ಸೂಜಿಯೇ ಮಣ್ಣಿನ ಕ್ಲಾಸ್ಟ್ರಿಡಿಯಂ ಅನ್ನು ಒಳಗೆ ನೂಕಿರಬಹುದು. ಸೂಜಿಯನ್ನು ಆಗಾಗ ಬದಲಿಸಿ, ಬಾಗಿದ್ದನ್ನು ಎಸೆಯಿರಿ, ಮೈ ಒದ್ದೆ ಇದ್ದಾಗ, ಕೆಸರು ಮೆತ್ತಿದಾಗ ಹಾಕಬೇಡಿ. ಇದಕ್ಕೂ ಚುಚ್ಚಿದ ಜಾಗದ ಸಾಮಾನ್ಯ ಗಂಟಿಗೂ ಗೊಂದಲ ಮಾಡಿಕೊಳ್ಳಬೇಡಿ. ಗಟ್ಟಿಯಾಗಿ, ತಣ್ಣಗಿರುವ, ನೋವಿಲ್ಲದ ಸಣ್ಣ ಗಂಟು ವಾರಗಟ್ಟಲೆ ಉಳಿಯುವುದು ಈ ಲಸಿಕೆಗಳಲ್ಲಿ ಮಾಮೂಲಿ.

ಎಲ್ಲ ಸರಿಯಿದ್ದೂ ಸತ್ತರೆ

ಆಗ ಪ್ರಾಣಿಯ ಮೇಲೆ ಬಿದ್ದ ಒತ್ತಡ ನೋಡಬೇಕು. ಪ್ರತಿಕಾಯ ವಿಷವನ್ನು ಹಿಡಿಯುವುದು ಲೆಕ್ಕಕ್ಕೆ ಲೆಕ್ಕ. ವಿಷ ಅದಕ್ಕಿಂತ ಜಾಸ್ತಿ ಆದರೆ ಲಸಿಕೆ ಆದ ಪ್ರಾಣಿಯೂ ಸೋಲುತ್ತದೆ. ಲಸಿಕೆ ಆಗಿದೆ ಅಂತ ಧೈರ್ಯ ಮಾಡಿ ಕಾಳನ್ನು ಒಂದೇ ಸಲ ಏರಿಸಿದರೆ ಹೀಗಾಗುತ್ತದೆ. ಮೇವು ಬದಲಿಸಲು ಎರಡು ವಾರ ತೆಗೆದುಕೊಳ್ಳಿ, ಕಾಳಿಗೆ ಮೊದಲು ಒಣ ಮೇವು ಹಾಕಿ, ಎಲ್ಲವಕ್ಕೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ಗೋದಲಿ ಇರಲಿ. ಇಲ್ಲದಿದ್ದರೆ ಬಲಿಷ್ಠ ಮರಿ ಎರಡು ಪಾಲು ತಿನ್ನುತ್ತದೆ, ಸಾಯುವುದೂ ಅದೇ.

ಲಿವರ್‌ನಲ್ಲಿ ಬಿಳಚಿದ ಕಲೆ, ಚರ್ಮದ ಒಳಭಾಗ ಕಪ್ಪು ಕಂಡರೆ ಕ್ಲಾಸ್ಟ್ರಿಡಿಯಂ ನೊವೈ ಇರಬಹುದು. ಲಿವರ್ ಜಂತುವಿನ ಮರಿಗಳು ಲಿವರ್ ಕೊರೆಯುತ್ತಾ ಹೋದ ದಾರಿಯಲ್ಲಿ ಅದು ಎದ್ದೇಳುತ್ತದೆ. ಜಂತುವಿಗೆ ಮದ್ದು ಕೊಡದೆ, ಜವುಗು ಜಾಗದಲ್ಲಿ ಮೇಯುವುದನ್ನು ತಪ್ಪಿಸದೆ ಲಸಿಕೆ ಒಂದರಿಂದಲೇ ಅದು ನಿಲ್ಲುವುದು ಕಷ್ಟ. ಕೆಂಪು ಮೂತ್ರ ಬಂದು ಸಾಯುವ ಇನ್ನೊಂದು ಬಗೆ ಇದೆ, ಕ್ಲಾಸ್ಟ್ರಿಡಿಯಂ ಹೀಮೋಲಿಟಿಕಂ. ಅದರ ಲಸಿಕೆಯ ರಕ್ಷಣೆ ಸುಮಾರು 6 ತಿಂಗಳು ಮಾತ್ರ. ವರ್ಷಕ್ಕೊಮ್ಮೆ ಹಾಕಿದವರಿಗೆ ವರ್ಷದ ಎರಡನೇ ಅರ್ಧದಲ್ಲಿ ಸಾವು ಕಂಡರೆ ಆಶ್ಚರ್ಯ ಇಲ್ಲ.

ಮತ್ತೆ ಹಾಕುವುದು ಹೇಗೆ?

ರೋಗ ಖಚಿತವಾಗಿ, ತಪ್ಪು ಎಲ್ಲಿ ಅಂತ ಇನ್ನೂ ತಿಳಿಯದಿದ್ದರೆ ವೈದ್ಯರ ಜೊತೆ ಮಾತಾಡಿ ಇಡೀ ಹಿಂಡಿಗೆ ಹೊಸ ಬಾಟಲಿಯಿಂದ ಮತ್ತೆ ಹಾಕುವುದೇ ಜಾಣತನ. ಮೊದಲು ಸರಿಯಾಗಿ ಎರಡು ಡೋಸ್ ಆಗಿದ್ದವುಗಳ ರಕ್ಷಣೆ ಕೆಲವು ದಿನದಲ್ಲೇ ಮತ್ತೆ ಏರುತ್ತದೆ, ಹಳೆಯ ನೆನಪು ಇರುತ್ತದೆ. ಉಳಿದವಕ್ಕೆ ಇದೇ ಮೊದಲ ಡೋಸ್ ಅಂತ ಹಿಡಿದು ಎರಡನೆಯದರ ತಾರೀಕನ್ನು ಅವತ್ತೇ ಬರೆದು ಗೋಡೆಗೆ ಅಂಟಿಸಿ. ನಡುವಿನ ವಾರಗಳಲ್ಲಿ ಮೇವು ಏರಿಸಬೇಡಿ. ಹಾಕಿದ ಮೇಲೆ ಸ್ವಲ್ಪ ಹೊತ್ತು ಹಿಂಡಿನ ಹತ್ತಿರವೇ ಇರಿ. ಅಪರೂಪಕ್ಕೆ ಒಂದು ಪ್ರಾಣಿ ಅಲರ್ಜಿಯಿಂದ ಕುಸಿಯುತ್ತದೆ, ಆಗ ಅಡ್ರಿನಲಿನ್ ಬೇಕು. ವೈದ್ಯರು ಅದನ್ನು ತಂದಿದ್ದಾರಾ ಅಂತ ಮೊದಲೇ ಕೇಳಿ. ಸೂಜಿ ನಿಮ್ಮ ಕೈಗೇ ಚುಚ್ಚಿದರೆ ತೊಳೆದು ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ. ಎಣ್ಣೆ ಆಧಾರಿತ ಲಸಿಕೆಯಾದರೆ ಒಂದು ಗಂಟೆಯೂ ತಡ ಮಾಡಬೇಡಿ.

ರೋಗ ಲ್ಯಾಬ್‌ನಲ್ಲಿ ಖಚಿತವಾಗಿ, ತಾರೀಕು ಸರಿಯಿದ್ದು, ಫ್ರಿಜ್ ಸರಿಯಿದ್ದು, ಲೆಕ್ಕ ಕೂಡಿಬಂದು, ಮೇವೂ ನಿಧಾನಕ್ಕೆ ಬದಲಾಗಿದ್ದರೆ, ಆಗ ಬಾಟಲಿಯ ಮೇಲೆ ಅನುಮಾನ ಪಡಲು ನಿಮಗೆ ಪೂರ್ತಿ ಹಕ್ಕಿದೆ. ಉಳಿದ ಬಾಟಲಿಗಳನ್ನು ಎಸೆಯಬೇಡಿ, ಫ್ರಿಜ್‌ನಲ್ಲೇ ಇಡಿ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಕು, ಕೊಂಡ ದಿನ, ಹಾಕಿದ ದಿನ, ಸತ್ತವುಗಳ ಪಟ್ಟಿ, ಲ್ಯಾಬ್ ವರದಿ ಎಲ್ಲವನ್ನೂ ಸೇರಿಸಿ ಪಶುವೈದ್ಯರ ಮೂಲಕ ತಯಾರಕರಿಗೂ ಪಶುವೈದ್ಯಕೀಯ ಇಲಾಖೆಗೂ ಬರೆದು ಕೊಡಿ. ಅದೇ ಬ್ಯಾಚಿನ ಬಾಟಲಿ ಬೇರೆಯವರ ಫ್ರಿಜ್‌ನಲ್ಲೂ ಇರುತ್ತದೆ.